ತೇಜಸ್ವಿಯನ್ನು ಯಾವ ಪೆಟ್ಟಿಗೆಗೆ ಹಾಕುವುದು?

ಕೊಂಡಾಪುರದ ರಾಘವೇಂದ್ರ ಕಾಲೊನಿಯ ಆ ಮನೆಯ ಬಾಡಿಗೆ ಈ ವರ್ಷವೂ ಏರಿತು. ಅದನ್ನು ಕಟ್ಟಿಕೊಂಡು ಅಲ್ಲೇ ಇರುವುದು ಸಾಧ್ಯವಿಲ್ಲ ಎಂದು ತೀರ್ಮಾನವಾಗಿ, ಮಿಯಾಪುರದ ಕಡೆ ಒಂದು ಕೋಣೆ ಕಡಿಮೆ ಇರುವ ಮನೆ ಗೊತ್ತಾಯಿತು. ಅಪ್ಪ ತೀರ್ಥಹಳ್ಳಿ ಕಡೆಯವರು, ಸಾಫ್ಟ್‌ವೇರ್ ಕೆಲಸ. ಅಮ್ಮ ರಾಯಚೂರಿನವರು. ಮಗಳು ಹೈದರಾಬಾದಿನಲ್ಲೇ ಹುಟ್ಟಿದವಳು, ನಾಲ್ಕನೇ ತರಗತಿ. ಹೊಸ ಮನೆಯಲ್ಲಿ ಗೋಡೆ ಕಪಾಟು ಇಲ್ಲವಾದ್ದರಿಂದ ಪುಸ್ತಕಕ್ಕೆ ಎರಡೇ ಪೆಟ್ಟಿಗೆ ಎಂಬ ಲೆಕ್ಕವಾಯಿತು. ಒಂದು ಪೆಟ್ಟಿಗೆ ಮಗಳ ಶಾಲೆಯ ಪುಸ್ತಕಕ್ಕೆ ಹೋಯಿತು. ಉಳಿದ ಒಂದರಲ್ಲಿ ಅಪ್ಪ ಇಪ್ಪತ್ತು ವರ್ಷ ಕೂಡಿಸಿದ್ದು ಹಿಡಿಯಬೇಕು.

ಕೂಡಿಸಿದ್ದರಲ್ಲಿ ಅರ್ಧಕ್ಕರ್ಧ ಪೂರ್ಣಚಂದ್ರ ತೇಜಸ್ವಿ.

ಅಮ್ಮನ ಸಲಹೆ ಸರಳವಾಗಿತ್ತು. "ಕತಿ ಪುಸ್ತಕ ಇಟ್ಕೋರಿ. ಹಕ್ಕಿ, ಯುದ್ಧ, ಚಂದ್ರ, ಇವೆಲ್ಲ ಈಗ ನೆಟ್‌ನ್ಯಾಗ ಐತಲ್ಲ, ಅವ್ನ ಯಾಕ ಹೊರ್ತೀರಿ?"

ತೆಗೆದುಹಾಕುವಂಥ ಮಾತಲ್ಲ ಇದು. ತೇಜಸ್ವಿಯ ಪುಸ್ತಕಗಳನ್ನು ನೆಲದ ಮೇಲೆ ಹರಡಿದರೆ ಒಬ್ಬನೇ ಲೇಖಕನ ಮನೆ ಅನ್ನಿಸುವುದಿಲ್ಲ. 'ಸೋಮುವಿನ ಸ್ವಗತ ಲಹರಿ' ಎಂಬ ಕವಿತೆಗಳ ಪುಸ್ತಕವಿದೆ. 'ಅಬಚೂರಿನ ಪೋಸ್ಟಾಫೀಸು' ಕಥೆಗಳು, 'ಕರ್ವಾಲೊ', 'ಚಿದಂಬರ ರಹಸ್ಯ', 'ಜುಗಾರಿ ಕ್ರಾಸ್' ಕಾದಂಬರಿಗಳಿವೆ. 'ಪರಿಸರದ ಕಥೆ' ಇದೆ. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳ ಕನ್ನಡ ರೂಪವಿದೆ. ಹಕ್ಕಿಗಳ ಪುಸ್ತಕ, ಸಹಜ ಕೃಷಿಯ ಪುಸ್ತಕ, ಅಂಡಮಾನಿನ ಪ್ರವಾಸ, ಹಾರುವ ತಟ್ಟೆಗಳ ಮೇಲೆ ಎರಡು ಭಾಗ, ತಂದೆ ಕುವೆಂಪು ಅವರನ್ನು ಕುರಿತ 'ಅಣ್ಣನ ನೆನಪು'. ಇವಲ್ಲದೆ ಮಿಲೇನಿಯಂ ಮಾಲೆಯ 16 ಪುಸ್ತಕಗಳು: ಮಹಾಯುದ್ಧ ಮೂರು ಭಾಗ, ದೇಶವಿದೇಶ ನಾಲ್ಕು ಭಾಗ, ವಿಸ್ಮಯ ವಿಶ್ವ ಎರಡು ಭಾಗ, ಪೆಸಿಫಿಕ್ ದ್ವೀಪಗಳು, ಚಂದ್ರನ ಚೂರು, ಹೀಗೆ.

ಕನ್ನಡದ ಓದುಗರು ಇವನ್ನು ಮನಸ್ಸಿನಲ್ಲೇ ಎರಡು ಗುಡ್ಡೆ ಮಾಡಿಕೊಂಡಿದ್ದಾರೆ. ಒಂದು ಸಾಹಿತ್ಯ, ಇನ್ನೊಂದು ಹವ್ಯಾಸ. ವಿಶ್ವವಿದ್ಯಾಲಯದ ಪಠ್ಯಕ್ಕೆ ಮೊದಲನೆಯದು ಹೋಗುತ್ತದೆ, ಎರಡನೆಯದು ಮಕ್ಕಳ ಹುಟ್ಟುಹಬ್ಬಕ್ಕೆ. ಕೊಂಡಾಪುರದ ಮನೆಯಲ್ಲಿ ಆದದ್ದೂ ಅದೇ. ಅಪ್ಪ ಎರಡು ಗುಡ್ಡೆ ಮಾಡಲು ಕೂತರು. 'ಕರ್ವಾಲೊ' ಕೈಗೆ ಬಂದಾಗ ಮೊದಲ ತೊಡಕು ಬಂತು.

1980ರಲ್ಲಿ ಬಂದ ಈ ಪುಟ್ಟ ಕಾದಂಬರಿ ಶುರುವಾಗುವುದು ಜೇನಿನಿಂದ, ಹೋಗುವುದು ಹಾರುವ ಓತಿಯ ಹಿಂದೆ. ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಮಂದಣ್ಣನ ಮಾತನ್ನು ವಿಜ್ಞಾನಿ ಕರ್ವಾಲೊ ಕಿವಿಗೊಟ್ಟು ಕೇಳುತ್ತಾರೆ, ಏಕೆಂದರೆ ಆ ಹುಡುಗ ಕಾಡಿನಲ್ಲಿ ಕಣ್ಣುಬಿಟ್ಟು ನೋಡಿದ್ದಾನೆ. ಜೇನಿನ ಸಂಗತಿ, ಜೀವವಿಕಾಸದ ಚರ್ಚೆ, ಮಂದಣ್ಣನ ಮದುವೆ, ನಾಯಿ ಕಿವಿಯ ತಂಟೆ, ಎಲ್ಲ ಒಂದೇ ದನಿಯಲ್ಲಿ ಬರುತ್ತವೆ. ಇಲ್ಲಿಂದ ವಿಜ್ಞಾನವನ್ನು ಕಿತ್ತರೆ ಕಥೆಯೇ ನಿಲ್ಲುವುದಿಲ್ಲ. 'ಪರಿಸರದ ಕಥೆ'ಯದು ಇದರ ಮಗ್ಗುಲು ಬದಲಿಸಿದ ಹಾಗೆ. ನಡೆದ ಸಂಗತಿಗಳು, ಗೊತ್ತಿರುವ ಜನ, ನಿಜವಾದ ಕಾಡು. ಆದರೆ ಮಾರ ಮತ್ತು ಪ್ಯಾರ ಯಾವ ಕಾದಂಬರಿಯ ಪಾತ್ರಕ್ಕೂ ಕಡಿಮೆಯಿಲ್ಲ. ಇದನ್ನು ಕತೆಯ ಗುಡ್ಡೆಗೆ ಹಾಕುವುದೋ, ವರದಿಯ ಗುಡ್ಡೆಗೋ?

ಪತ್ರಿಕೆಯ ಬರವಣಿಗೆಯ ಪಾಲೂ ಇದರಲ್ಲಿ ದೊಡ್ಡದು. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ'ಗೆ ತೇಜಸ್ವಿ ಬರೆಯುತ್ತಿದ್ದರು. ವಾರಪತ್ರಿಕೆಯ ಓದುಗ ಬಸ್‌ ಸ್ಟ್ಯಾಂಡಿನಲ್ಲಿ ಕೊಂಡು ಬಸ್ಸಿನಲ್ಲಿ ಓದಿ ಮುಗಿಸುವವನು. ಅವನನ್ನು ಎರಡನೇ ಪ್ಯಾರಾದಲ್ಲಿ ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ. ತೇಜಸ್ವಿಯ ಗದ್ಯದಲ್ಲಿ ಗಂಟಿಲ್ಲದಿರುವುದಕ್ಕೆ ಆ ಓದುಗನೂ ಒಂದು ಕಾರಣ. ಅದಕ್ಕೂ ಮೊದಲೇ, 1973ರಲ್ಲಿ, 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯದ ದಾರಿ ಬಿಟ್ಟು ಹೊರಡುವ ಮಾತಾಡಿದ್ದರು. ಆ ಕಥೆಯಲ್ಲಿ ಒಂದು ಹಳ್ಳಿಗೆ ಪೋಸ್ಟಾಫೀಸು ಬರುತ್ತದೆ, ಬೋಬಣ್ಣನ ಬದುಕು ಕಲಕುತ್ತದೆ. ಪೋಸ್ಟಾಫೀಸು ಆ ಹಳ್ಳಿಯ ಪಾಲಿಗೆ ಹೊಸ ಯಂತ್ರವೇ. ಮನುಷ್ಯರ ನಡುವೆ ಹೊಸದೊಂದು ಸಲಕರಣೆ ಬಂದು ಕೂತಾಗ ಏನಾಗುತ್ತದೆ ಎಂಬ ಕುತೂಹಲ ಈ ಲೇಖಕನಿಗೆ ಅಲ್ಲೇ ಇತ್ತು.

ಕವಿತೆಯನ್ನು ಅವರು ಬಿಟ್ಟದ್ದಕ್ಕೂ ಇದೇ ಕಾರಣ ಇದ್ದೀತು. ಮೂಡಿಗೆರೆಯ ತೋಟದಲ್ಲಿ ಅವರ ಎದುರಿಗೆ ಬಂದದ್ದು ಕಾಫಿ, ಏಲಕ್ಕಿ, ಜೇನು, ಮೀನು, ಹಕ್ಕಿ, ಕ್ಯಾಮೆರಾ. ಇವನ್ನು ಹೇಳಲು ಕನ್ನಡದಲ್ಲಿ ಸಿದ್ಧ ಗದ್ಯ ಇರಲಿಲ್ಲ. ಎದುರಿಗೆ ಬಂದದ್ದಕ್ಕೆ ತಕ್ಕ ಗದ್ಯ ಮಾಡಿಕೊಂಡರು. ಪುಸ್ತಕ ಯಾವ ಜಾತಿಯದು ಎನ್ನುವುದು ಆಮೇಲಿನ ಪ್ರಶ್ನೆ.

ಹಾಗೆಂದು ಎಲ್ಲವೂ ಒಂದೇ ತೂಕದ್ದೆಂದು ಹೇಳಿದರೆ ಅದು ಅಭಿಮಾನ, ಓದಲ್ಲ. ಮಿಲೇನಿಯಂ ಮಾಲೆಯ ಕೆಲವು ಪುಸ್ತಕಗಳು ಬೇರೆ ಕಡೆಯ ಮಾಹಿತಿಯನ್ನು ಕೂಡಿಸಿ ಹೇಳಿದವು. ಅವುಗಳಲ್ಲಿ ಎಷ್ಟೋ ಈಗ ಹಳತಾಗಿದೆ. ಹಾರುವ ತಟ್ಟೆಗಳ ಪುಸ್ತಕವನ್ನು ಇವತ್ತು ಮಾಹಿತಿಗೆಂದು ಯಾರೂ ಓದಬೇಕಿಲ್ಲ. ಅಮ್ಮನ ಮಾತು ಅಷ್ಟರ ಮಟ್ಟಿಗೆ ಸರಿ.

ಆದರೆ ನೆಟ್‌ನಲ್ಲಿ ಎಲ್ಲ ಇದೆ ಎನ್ನುವುದಕ್ಕೆ ಈ ಮನೆಯಲ್ಲೇ ಒಂದು ಉತ್ತರ ಸಿಕ್ಕಿತ್ತು. ಕೊತ್ತಗುಡದ ಬಟಾನಿಕಲ್ ಗಾರ್ಡನ್ ಅವರ ಭಾನುವಾರದ ಜಾಗ. ಒಮ್ಮೆ ಅಪ್ಪ 'ಹಕ್ಕಿ ಪುಕ್ಕ' ಹಿಡಿದು ಹೋಗಿದ್ದರು. ಪೊದೆಯಿಂದ ಕಂದು ರೆಕ್ಕೆಯ, ಕಪ್ಪು ಮೈಯ, ಕೆಂಪು ಕಣ್ಣಿನ ಹಕ್ಕಿಯೊಂದು ಹೊರಬಂತು. ಮಗಳು ಅಮ್ಮನ ಫೋನಿನಲ್ಲಿ ಹುಡುಕಿ 'ಗ್ರೇಟರ್ ಕೂಕಲ್' ಎಂದಳು. ಕಾವಲಿನವನು 'ಜೆಮುಡು ಕಾಕಿ' ಎಂದ. ಅಪ್ಪ ಪುಸ್ತಕ ತಿರುವಿ 'ಕೆಂಬೂತ' ಎಂದರು. ಹಕ್ಕಿ ಒಂದೇ, ಮೂರು ಹೆಸರು. ಮೂರನೆಯ ಹೆಸರು ಆ ಹೊತ್ತಿಗೆ ಅಲ್ಲಿದ್ದದ್ದು ಆ ಪುಸ್ತಕ ಕೈಲಿದ್ದುದರಿಂದ. ಕನ್ನಡ ಮಾತಾಡುವ ಮಕ್ಕಳು ಲೋಕದ ವಸ್ತುಗಳ ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ ಕಲಿತು, ಕನ್ನಡದಲ್ಲಿ ಬರೀ 'ಊಟ ಮಾಡು, ಮಲಗು' ಅಷ್ಟೇ ಉಳಿಸಿಕೊಂಡರೆ ಭಾಷೆ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ತೇಜಸ್ವಿಯ 'ಹವ್ಯಾಸದ' ಪುಸ್ತಕಗಳು ಭಾಷೆಯನ್ನು ಹೊರಗೆ ಕರೆತಂದವು. ಮಾಹಿತಿ ಹಳತಾದರೂ, ಕನ್ನಡದಲ್ಲಿ ಒಂದು ಸಂಗತಿಯನ್ನು ಹೇಗೆ ವಿವರಿಸಬಹುದು ಎಂಬ ಮಾದರಿ ಹಳತಾಗಿಲ್ಲ.

ಮಗಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ತೆಲಂಗಾಣ 2018ರಲ್ಲಿ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡಿ ಕಾನೂನು ತಂದಿತು. ಹಾಗಾಗಿ ಅವಳು ತೆಲುಗು ಓದುತ್ತಾಳೆ. ಪೆಟ್ಟಿಗೆ ತುಂಬುವ ಗಲಾಟೆಯಲ್ಲಿ ಅವಳು ಒಂದು ಪುಸ್ತಕದ ಬೆನ್ನು ನೋಡಿ, ಯಾರೂ ಕೇಳದೆ ಓದತೊಡಗಿದಳು.

"ತೆ… ಜ… ಸ್ವಿ. ಅಪ್ಪ, ಇದು ತೆಜಸ್ವಿ!"

ಎರಡು ಲಿಪಿಗಳು ಅಕ್ಕತಂಗಿಯರು. ತಲೆಕಟ್ಟಿನ ಆಕಾರ ಬೇರೆಯಾದರೂ ಮೈಕಟ್ಟು ಒಂದೇ. ತೆಲುಗಿನಲ್ಲಿ 'ತೇ' ಬರೆಯುವಾಗ ದೀರ್ಘದ ಗುರುತು ತಲೆಯ ಮೇಲೇ ಕೂರುತ್ತದೆ, ಕನ್ನಡದಲ್ಲಿ ಪಕ್ಕಕ್ಕೆ ಬಾಲದ ಹಾಗೆ ಬರುತ್ತದೆ. ಆ ಬಾಲ ಅವಳಿಗೆ ಗೊತ್ತಿರಲಿಲ್ಲ. ಮುಂದಿನ ಪುಸ್ತಕದಲ್ಲಿ ಇನ್ನೂ ಗಟ್ಟಿಯಾಗಿ ಸಿಕ್ಕಿಬಿದ್ದಳು.

"ಕ… ವಾ… ಈ ಕೊಕ್ಕೆ ಏನು?"

ಅದು ಅರ್ಕಾವತ್ತು. ಇಂದಿನ ತೆಲುಗು ಬರವಣಿಗೆಯಲ್ಲಿ 'ರ್ವ' ಎಂಬುದಕ್ಕೆ ರ ಬರೆದು ಕೆಳಗೆ ವ ಒತ್ತು ಕೊಡುತ್ತಾರೆ. ಕನ್ನಡದಲ್ಲಿ ವ ಬರೆದು ಪಕ್ಕದಲ್ಲಿ ಕೊಕ್ಕೆ ಹಾಕುತ್ತಾರೆ. ಹೇಳುವುದು ಮೊದಲು, ಬರೆಯುವುದು ಆಮೇಲೆ. ಅಪ್ಪ ಇದನ್ನು ವಿವರಿಸುತ್ತ ನಡುವೆ ನಿಂತರು. ಅದೇ ಕೊಕ್ಕೆಯೊಂದಿಗೆ ಅವರು ತಿಂಗಳುಗಳಿಂದ ಒದ್ದಾಡುತ್ತಿದ್ದರು.

ಅವರ ತಂದೆ ಅಡಿಕೆ ತೋಟದ ಲೆಕ್ಕ ಬರೆದಿಡುವವರು. ಬರೀ ಲೆಕ್ಕವಲ್ಲ, ಮಳೆ ಯಾವಾಗ ಹಿಡಿಯಿತು, ಕೊಳೆ ಎಲ್ಲಿಂದ ಶುರುವಾಯಿತು, ಯಾವ ಮರಕ್ಕೆ ಏನಾಯಿತು, ಎಲ್ಲ. 2003ರಲ್ಲಿ ಮಗ ರಜೆಗೆ ಊರಿಗೆ ಹೋದಾಗ ಆ ನೋಟುಪುಸ್ತಕಗಳನ್ನು ಕಂಪ್ಯೂಟರಿಗೆ ಹತ್ತಿಸಿದ್ದರು. ಆಮೇಲೆ ನೋಟುಪುಸ್ತಕಗಳನ್ನು ಗೆದ್ದಲು ತಿಂದಿತು. ಬರೆದವರೂ ತೀರಿಕೊಂಡರು. ಉಳಿದದ್ದು ಫೈಲು ಮಾತ್ರ. ಅದನ್ನು ಈಗ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚುಕ್ಕಿ, ಟೋಪಿ ಹಾಕಿದ ಫ್ರೆಂಚ್ ಅಕ್ಷರಗಳ ರಾಶಿ.

ಕಾರಣ ಸರಳ. ಆ ಕಾಲದ ಎಷ್ಟೋ ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ತಿಳಿವಳಿಕೆಯಲ್ಲಿ ಇಂಗ್ಲಿಷ್. ಒಂದೊಂದು ತಂತ್ರಾಂಶದ್ದು ಒಂದೊಂದು ಜೋಡಣೆ. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ಬರೆದದ್ದು ಮಾಯ. ಯುನಿಕೋಡ್ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತು. ಕನ್ನಡದ 'ಕ' 3221, ತೆಲುಗಿನ 'ಕ' 3093. ಯಾವ ಸಮಾನ ಅಕ್ಷರ ತೆಗೆದುಕೊಂಡರೂ ಎರಡು ಭಾಷೆಗಳ ನಡುವಿನ ಅಂತರ 128. ಒಂದೇ ಬೀದಿಯ ಎರಡು ಸಾಲು ಮನೆಗಳ ಹಾಗೆ. 1991ರ ಮೊದಲ ಆವೃತ್ತಿಯಲ್ಲೇ ಎರಡೂ ಇದ್ದವು. ಆದರೂ ಅದು ನಮ್ಮ ಕಚೇರಿ, ಮುದ್ರಣಾಲಯ, ಮನೆಗಳಿಗೆ ಬರಲು ವರ್ಷಗಳೇ ಹಿಡಿದವು.

ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಹಿಡಿದು ಕೂತದ್ದು ಈ ಪ್ರಶ್ನೆಯನ್ನೇ. ಕನ್ನಡ ತಂತ್ರಾಂಶದ ಬಗ್ಗೆ ಬರೆದರು, ಸರ್ಕಾರದ ಜೊತೆ ಜಗಳವಾಡಿದರು, ಹುಡುಗರನ್ನು ಕೂಡಿಸಿಕೊಂಡು ಕೆಲಸಕ್ಕೆ ಹಚ್ಚಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಕಾದಂಬರಿ ಬರೆಯುವುದು ಬಿಟ್ಟು ಇವರಿಗೆ ಇದೆಲ್ಲ ಯಾಕೆ ಎಂದು ಅನ್ನಿಸಿದ ಓದುಗರು ಆಗಲೂ ಇದ್ದಿರಬೇಕು. 2007ರ ಏಪ್ರಿಲ್ 5ರಂದು ಅವರು ಮೂಡಿಗೆರೆಯಲ್ಲಿ ತೀರಿಕೊಂಡಾಗ ಕನ್ನಡ ಇನ್ನೂ ಹಲವು ಫಾಂಟುಗಳಲ್ಲಿ ಹಂಚಿಹೋಗಿತ್ತು.

ಕೊಂಡಾಪುರದ ಈ ಅಪ್ಪನಿಗೆ ತಂತ್ರಾಂಶದ ತೇಜಸ್ವಿ ಯಾವತ್ತೂ ಮುಖ್ಯ ಅನ್ನಿಸಿರಲಿಲ್ಲ. ಅವರು 'ಕರ್ವಾಲೊ' ಓದಿ ಬೆಳೆದವರು, ಉಳಿದದ್ದು ಲೇಖಕರ ಹಟ ಎಂದುಕೊಂಡಿದ್ದವರು. ತಂದೆಯ ಫೈಲು ತೆರೆದ ದಿನ ಆ ಹಟದ ಅರ್ಥವಾಯಿತು. ಅಕ್ಷರ ಯಂತ್ರದೊಳಗೆ ಸರಿಯಾಗಿ ಉಳಿಯದಿದ್ದರೆ ಅಡಿಕೆ ತೋಟದ ಲೆಕ್ಕವೂ ಇಲ್ಲ, ಕಾದಂಬರಿಯೂ ಇಲ್ಲ. ಪೋಸ್ಟಾಫೀಸಿನ ಕಥೆ ಬರೆದವರು ಫಾಂಟಿನ ಜಗಳಕ್ಕೆ ಇಳಿದದ್ದು ದಾರಿ ತಪ್ಪಿ ಅಲ್ಲ, ಅದೇ ದಾರಿಯಲ್ಲಿ ಮುಂದೆ ಹೋಗಿ.

ಹಳೆಯ ಫಾಂಟಿನಿಂದ ಯುನಿಕೋಡಿಗೆ ತಿರುಗಿಸುವ ಸಾಧನಗಳು ಈಗ ಸಿಗುತ್ತವೆ. ಅಪ್ಪ ಅದರಲ್ಲಿ ಹಾಕಿ ತೆಗೆದರು. ಬಹುಪಾಲು ಬಂತು. ಅರ್ಕಾವತ್ತು ಮಾತ್ರ ಎಲ್ಲೆಲ್ಲೋ ಹೋಗಿ ಕೂತಿತ್ತು. ಹಳೆಯ ಫೈಲಿನಲ್ಲಿ ಕೊಕ್ಕೆ ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯುನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ, ರ ಮೊದಲು. ಈ ಅದಲುಬದಲು ಪೂರ್ತಿ ಆಗಿರಲಿಲ್ಲ. ಅಡಿಕೆ ಬೆಳೆಗಾರನ ಬರಹದಲ್ಲಿ ಅರ್ಕಾವತ್ತು ಇಲ್ಲದ ಪುಟ ಉಂಟೆ? ವರ್ಷ, ಖರ್ಚು, ಮಾರ್ಚ್, ಬೋರ್ಡೋ ದ್ರಾವಣ. ಪ್ರತಿ ಸಾಲಿಗೂ ಕೈ ಹಾಕಬೇಕು.

ಕೊನೆಗೆ ಪೆಟ್ಟಿಗೆಗೆ ಎಲ್ಲ ಹಿಡಿಯಲಿಲ್ಲ. ಮಹಾಯುದ್ಧದ ಮೂರು ಭಾಗ, ದೇಶವಿದೇಶದ ನಾಲ್ಕು, ಹಾರುವ ತಟ್ಟೆಯ ಎರಡು ಕೆಳಗಿನ ಮಹಡಿಯ ಕನ್ನಡದ ಹುಡುಗರ ಪಾಲಾದವು. ಅಮ್ಮ ಗೆದ್ದೆ ಎನ್ನಲಿಲ್ಲ. 'ಹಕ್ಕಿ ಪುಕ್ಕ'ವನ್ನು ಅವರೇ ಎತ್ತಿ 'ಕರ್ವಾಲೊ' ಪಕ್ಕ ಇಟ್ಟರು. ಪೆಟ್ಟಿಗೆಯ ಮೇಲೆ ಏನು ಬರೆಯಬೇಕೆಂದು ಸಾಮಾನು ಕಟ್ಟುವ ಹುಡುಗ ಕೇಳಿದಾಗ ಮಗಳು ಮಾರ್ಕರ್ ಇಸಿದುಕೊಂಡು ತೆಲುಗಿನಲ್ಲಿ 'ತೇಜಸ್ವಿ' ಎಂದು ಬರೆದಳು. ಈ ಸಲ ದೀರ್ಘ ಸರಿಯಾಗಿತ್ತು.

ಮಿಯಾಪುರದ ಮನೆಯಲ್ಲಿ ಈಗ ರಾತ್ರಿ ಊಟವಾದ ಮೇಲೆ ಹತ್ತು ಸಾಲು. ಅಪ್ಪ ತಿದ್ದುತ್ತಾರೆ, ಮಗಳು ಪರದೆಯಿಂದ ಗಟ್ಟಿಯಾಗಿ ಓದುತ್ತಾಳೆ. ಕೊಕ್ಕೆ ತಪ್ಪಿದಲ್ಲಿ ಅವಳ ಓದು ಎಡವುತ್ತದೆ, ಎಡವಿದ್ದು ಅಪ್ಪನಿಗೆ ಗೊತ್ತಾಗುತ್ತದೆ. ಮೊನ್ನೆ ಒಂದು ಸಾಲಿನಲ್ಲಿ ನಿಂತು ಕೇಳಿದಳು.

"ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಮೈಲುತುತ್ತ ಅಂದ್ರೇನಪ್ಪ?"

"ನೀಲಿ ಹರಳು. ಅಜ್ಜ ಅದನ್ನ ನೀರಲ್ಲಿ ಕರಗಿಸಿ, ಸುಣ್ಣದ ತಿಳಿ ಸೇರಿಸಿ, ಮಳೆ ಹಿಡಿಯೋ ಮುಂಚೆ ಅಡಿಕೆ ಗೊನೆಗೆ ಹೊಡೆಸ್ತಿದ್ರು. ಇಲ್ಲದಿದ್ರೆ ಕೊಳೆ ಬರುತ್ತೆ."

"ಅಜ್ಜನೇ ಬರೆದದ್ದಾ ಇದು?"

"ಹೂಂ. ಮುಂದಿನ ಸಾಲು ಓದು."

ಮುಂದಿನ ಸಾಲಿನಲ್ಲಿ 'ಖರ್ಚು' ಇತ್ತು. ಕೊಕ್ಕೆ ಇನ್ನೂ ತಪ್ಪು ಜಾಗದಲ್ಲಿತ್ತು. ಅವಳು ಎಡವಲಿಲ್ಲ.