ಮಿಶಿನ್ ಹಂಚು

ಮುಂಡಗೋಡ ಸೀಮೆಯ ಸನವಳ್ಳಿಯ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಅಂಗಾತ ಮಲಗಿದರೆ ನೆತ್ತಿಯ ನೇರಕ್ಕೆ ಒಂದು ಗಾಜಿನ ಹಂಚಿತ್ತು. ಅದರಿಂದ ಇಳಿಯುವ ಬಿಸಿಲಿನ ತುಂಡು ಬತ್ತದ ಚೀಲದ ಮೇಲಿಂದ ಬೀಸೋಕಲ್ಲಿನ ತನಕ ತೆವಳುವಷ್ಟರಲ್ಲಿ ನಾನು ಸ್ನಾನ ಮುಗಿಸಿ ಶಾಲೆಗೆ ಹೊರಟಿರಬೇಕು, ಇಲ್ಲದಿದ್ದರೆ ಅವ್ವನ ಬೈಗುಳ. ಆ ಗಾಜಿನ ಹಂಚಿನ ಬಲಕ್ಕೆ ಎರಡನೆಯ ಹಂಚಿನ ಹೊಟ್ಟೆಯಲ್ಲಿ ಉಬ್ಬಕ್ಷರಗಳಿದ್ದವು. ಐದನೆಯ ಇಯತ್ತೆಯಲ್ಲಿ ಎಬಿಸಿಡಿ ಕಲಿತ ನಂತರ ಜ್ವರ ಬಂದು ನಾಲ್ಕು ದಿನ ಮಲಗಿದೆ. ಆಗ ಬೇರೆ ಕೆಲಸವಿಲ್ಲದೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬಾಸೆಲ್ ಮಿಷನ್. ಪುಸ್ತಕದ ಹೊರಗೆ ನಾನು ಓದಿದ ಮೊದಲ ಇಂಗ್ಲಿಷ್ ಅದೇ.

ಬಾಸೆಲ್ ಎಂದರೇನೆಂದು ತಿಳಿಯಲಿಲ್ಲ. ಮಿಷನ್ ಗೊತ್ತಿತ್ತು. ನಮ್ಮಲ್ಲಿ ಹಿಟ್ಟು ಬೀಸುವುದು ಮಿಶಿನ್, ಬಟ್ಟೆ ಹೊಲಿಯುವುದು ಮಿಶಿನ್, ಬತ್ತ ಒಕ್ಕುವುದೂ ಮಿಶಿನ್. ಹಂಚು ಮಾಡುವುದಕ್ಕೂ ಒಂದು ಮಿಶಿನ್ ಇರಲೇಬೇಕಲ್ಲ! ಕುಂಬಾರರು ತಿಗರಿಯಲ್ಲಿ ತಿರುಗಿಸಿ ಸೀಳಿದ ನಾಡಹಂಚು ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ನಮ್ಮ ಮನೆಯವು ಅವಳಿಜವಳಿಗಳ ಹಾಗೆ ಒಂದೇ ಸಮ. ಇದು ಮಿಶಿನ್ನಿನ ಕೆಲಸವೇ ಎಂದು ನಾನು ತೀರ್ಮಾನ ಮಾಡಿದ್ದೆ. ಅಜ್ಜನೂ ಅವನ್ನು ‘ಮಿಶಿನ್ ಹಂಚು’ ಎಂದೇ ಕರೆಯುತ್ತಿದ್ದ. ಹುಬ್ಬಳ್ಳಿಯಿಂದ ಚಕ್ಕಡಿಯಲ್ಲಿ ಬತ್ತದ ಹುಲ್ಲು ಹಾಸಿ, ಒಂದರ ಬೆನ್ನಿಗೆ ಒಂದು ನಿಲ್ಲಿಸಿ ತಂದದ್ದಂತೆ. ಬರುವಾಗ ಒಡೆದವು ಎಷ್ಟು ಎಂಬ ಲೆಕ್ಕವನ್ನು ಸಾಯುವ ತನಕ ಹೇಳುತ್ತಿದ್ದ. ಪ್ರತಿ ಸಲವೂ ನಾಲ್ಕಾರು ಹೆಚ್ಚಾಗುತ್ತಿದ್ದವು.

ಮಿಷನ್ ಎಂದರೆ ಬೇರೆ ಎಂದು ಗೊತ್ತಾದದ್ದು ಹುಬ್ಬಳ್ಳಿಗೆ ಕಾಲೇಜಿಗೆ ಹೋದ ಮೇಲೆ. ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ 1815ರಲ್ಲಿ ಹುಟ್ಟಿದ ಕ್ರೈಸ್ತ ಧರ್ಮಪ್ರಚಾರದ ಸಂಸ್ಥೆ. ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ 1828ರಲ್ಲಿ ಜನ ಕಳಿಸಿತು. ಇಂಗ್ಲಿಷರಲ್ಲದ ಮಿಷನರಿಗಳಿಗೂ ಹಿಂದೂಸ್ತಾನದ ಬಾಗಿಲು ತೆರೆದದ್ದು 1833ರ ಕಾಯಿದೆಯಿಂದ. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839. ಅಂದರೆ ನಮ್ಮೂರಿಂದ ಒಂದು ದಿನದ ಚಕ್ಕಡಿ ದಾರಿಯಾಚೆಗೆ ಅವರು ಬಂದು ಕೂತು ಹತ್ತಿರ ಹತ್ತಿರ ಇನ್ನೂರು ವರ್ಷ.

ಬಂದವರ ಮುಖ್ಯ ಕೆಲಸ ಜನರನ್ನು ಯೇಸುವಿನ ಕಡೆಗೆ ಕರೆಯುವುದು. ಕರೆಗೆ ಬಂದವರ ಪಾಡು ಮಾತ್ರ ಅವರು ಎಣಿಸಿದ್ದಕ್ಕಿಂತ ಬೇರೆಯಾಯಿತು. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಜಾತಿಯವರು ಹೊರಗಿಟ್ಟರು, ಗೇಣಿಯ ಭೂಮಿ ಕೈಬಿಟ್ಟಿತು. ಶೇಂದಿ ಇಳಿಸಿ ಬದುಕೋಣವೆಂದರೆ ಹೆಂಡದ ಕೆಲಸ ಕೂಡದೆಂದು ಮಿಷನ್ನಿನವರೇ ತಡೆದರು. ದೇವರು ಸಿಕ್ಕ, ಗಂಜಿ ಹೋಯಿತು. ನೀರು ಚಿಮುಕಿಸಿ ಹೆಸರಿಟ್ಟವರೇ ಹೊಟ್ಟೆಯ ದಾರಿಯನ್ನೂ ತೋರಿಸಬೇಕಾಯಿತು. ಗಡಿಯಾರದ ಕೆಲಸ ಕಲಿಸಿ ನೋಡಿದರು. ಸೂರ್ಯನ ನೆರಳು ನೋಡಿ ಉಣ್ಣುವ ನಾಡಿನಲ್ಲಿ ಅದು ಎಷ್ಟು ನಡೆದೀತು? ನೇಯ್ಗೆ ಕೈಹಿಡಿಯಿತು. ಅಚ್ಚುಕೂಟ ನಡೆಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಟದ್ದು ಅಲ್ಲಿಂದಲೇ; ಹುಬ್ಬಳ್ಳಿ, ಧಾರವಾಡ, ಮಂಗಳೂರು ಸುತ್ತಾಡಿದ ಕಿಟೆಲ್ ಸಾಹೇಬರ ನಿಘಂಟೂ 1894ರಲ್ಲಿ ಮಂಗಳೂರಿನಲ್ಲೇ ಹೊರಬಂತು. ಆ ಕೋಶವನ್ನು ತೊಡೆಯ ಮೇಲಿಟ್ಟುಕೊಂಡು ಓದಿದವರಿಗೆ ಗೊತ್ತು, ಹಂಚಿಗಿಂತ ಅದೇ ಭಾರ.

ಹಂಚಿನ ಕತೆಗೆ ಬಂದರೆ ಅದೂ ಅಚ್ಚುಕೂಟದ ಮಗುವೇ. ಮುದ್ರಣದ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿ ದಂಡೆಯ ಅಂಟುಮಣ್ಣನ್ನು ಹಿಸುಕಿ ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಈ ಬಗೆಯ ಹಂಚಿಗೆ 1841ರಲ್ಲೇ ಆಲ್ಸಾಸಿನ ಗಿಲಾರ್ಡೊನಿ ಸೋದರರು ಪೇಟೆಂಟ್ ಪಡೆದಿದ್ದರು. ಅವರ ಊರು ಬಾಸೆಲ್‌ಗೆ ತೀರ ದೂರವಲ್ಲ. ಅಕ್ಷರದ ಮೊಳೆ ಒತ್ತಿದರೆ ಪುಟ, ಮಣ್ಣಿನ ಉಂಡೆ ಒತ್ತಿದರೆ ಹಂಚು. ಪ್ಲೆಬ್ಸ್ಟನಿಗೆ ಎರಡರಲ್ಲೂ ದೊಡ್ಡ ವ್ಯತ್ಯಾಸ ಕಂಡಿರಲಾರದು. ಮೂರೇ ವರ್ಷಕ್ಕೆ ಮಂಗಳೂರಿನ ಆಲ್ಬುಕರ್ಕರೂ ಕಾರ್ಖಾನೆ ತೆರೆದರು. ಆಮೇಲೆ ಯಾರು ಬೇಕಾದರೂ ಮಾಡಿದರು, ಎಲ್ಲಕ್ಕೂ ‘ಮಂಗಳೂರು ಹಂಚು’ ಎಂದೇ ಹೆಸರಾಯಿತು. ನನ್ನ ಬಾಲ್ಯದ ತೀರ್ಮಾನ ತಪ್ಪೇನೂ ಆಗಿರಲಿಲ್ಲ. ಆ ಮಿಷನ್ ಕಡೆಗೂ ನಡೆದದ್ದು ಮಿಶಿನ್ನಿನಿಂದಲೇ.

ಕಾಲೇಜಿನಿಂದ ಈ ಜ್ಞಾನ ಹೊತ್ತು ತಂದು ಅಪ್ಪನ ಮುಂದೆ ಸುರಿದೆ. ದೇವರ ಮಾಡದ ಮೇಲೆ ಪಾದ್ರಿಗಳ ಹಂಚಿದೆ ಎಂದು ತಮಾಷೆ ಮಾಡಿದೆ. ಅಪ್ಪ ಕಂದೀಲಿನ ಗಾಜು ಒರೆಸುತ್ತ, “ಸೋರಂಗಿಲ್ಲಲ್ಲ?” ಅಂದ. ಅಷ್ಟೇ.

ಸೋರುವುದು ಶುರುವಾದದ್ದು ಮಂಗಗಳಿಂದ. ಹಿತ್ತಲ ಹಲಸಿನ ಮರದಿಂದ ಮುಸಿಯಗಳು ಸಂಸಾರಸಮೇತ ಮಾಡಿನ ಮೇಲೆ ಜಿಗಿಯುತ್ತವೆ. ಎರಡೂವರೆ ಕಿಲೊ ತೂಕದ ಹಂಚು ಮಳೆಗೆ ಜಗ್ಗುವುದಿಲ್ಲ, ಮಂಗನ ಅಂಡಿಗೆ ಎರಡು ಹೋಳು. ಅದಕ್ಕೇ ರೋಹಿಣಿ ಮಳೆಗೆ ಮುಂಚೆ ವರ್ಷವರ್ಷವೂ ಹಂಚು ಕೈಯಾಡಿಸಬೇಕು. ನಮ್ಮಲ್ಲಿ ಅದನ್ನು ಮಾಡುತ್ತಿದ್ದವರು ಕಾಡಂಚಿನ ಊರಿನ ಒಬ್ಬ ಸಿದ್ದಿ ಕಾಕಾ. ಎಪ್ಪತ್ತರ ಹತ್ತಿರ ಬಂದರೂ ರೀಪಿನ ಮೇಲೆ ಬೆಕ್ಕಿನಂತೆ ಓಡಾಡುವವರು. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ. ಒಂದು ಸಲ ಹಂಚು ಇಳಿಸಿ ಕೊಡುತ್ತ ಅದರ ಅಕ್ಷರ ತೋರಿಸಿ ಕೇಳಿದರು, “ಇದೇನ್ ಬರದಾರ ತಮ್ಮಾ?”

ಹೇಳಿದೆ. ಅವರ ಮುಖ ಅರಳಿತು. “ಅಂದ್ರ ನಮ್ಮ ಇಗರ್ಜಿದೇನು?”

“ಅಲ್ಲ ಕಾಕಾ, ಇವರು ಬ್ಯಾರೆ. ನಿಮ್ಮದು ಗೋವಾದ ಕಡೆದು. ಇವರದು ಜರ್ಮನ್ ಕಡೆದು.”

“ಯೇಸುಸ್ವಾಮಿ ಬ್ಯಾರೆ?”

“ಯೇಸು ಅವನ. ಮರಿಯವ್ವಗ ಮಾತ್ರ ಇವರು ಕೈ ಮುಗಿಯಂಗಿಲ್ಲ.”

ಕಾಕಾ ಸ್ವಲ್ಪ ಹೊತ್ತು ಹಂಚನ್ನು ತಿರುಗಿಸಿ ನೋಡಿದರು. “ಅವ್ವಿಲ್ಲದ ಮನಿ ಅಂದಂಗಾತು” ಎಂದು ಮತ್ತೆ ಮೇಲೆ ಹೋದರು.

ಕಾಕಾನ ಪೂರ್ವಜರನ್ನು ಪೋರ್ತುಗೀಜರು ಆಫ್ರಿಕದ ಪೂರ್ವ ತೀರದಿಂದ ಗುಲಾಮರಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡು ಸೇರಿದರು. ಇಂದು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿ ಬಾರಿಸಿ ಕುಣಿಯುವವರಿದ್ದಾರೆ. ನಮ್ಮ ಸೀಮೆಗೆ ಯೇಸುವನ್ನು ಹೊತ್ತು ತಂದವರಲ್ಲಿ ನಿಲುವಂಗಿ ತೊಟ್ಟ ಬೋಧಕರಿಗಿಂತ ಮೊದಲು ನನಗೆ ನೆನಪಾಗುವವರು ಹೀಗೆ ಓಡಿ ಬಂದವರು. ಬೆನ್ನಿಗೆ ಬಿದ್ದ ಒಡೆಯನ ದೇವರನ್ನೇ ಎದೆಗೆ ಕಟ್ಟಿಕೊಂಡು ಅವನಿಂದಲೇ ತಪ್ಪಿಸಿಕೊಂಡು ಓಡುವುದು ಹೇಗಿದ್ದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಾಕಾನನ್ನು ಕೇಳುವ ಧೈರ್ಯ ಬಂದಿಲ್ಲ. ಇನ್ನೊಂದು ವಿಚಿತ್ರ: ಮಂಗಳೂರು ಹಂಚು ಹಡಗು ಹತ್ತಿ ಪೂರ್ವ ಆಫ್ರಿಕಕ್ಕೂ ಹೋಯಿತು. ಕಾಕಾನ ಹಿರಿಯರನ್ನು ಸೆಳೆದು ತಂದ ದಂಡೆಯ ಮನೆಗಳಿಗೆ ಇಲ್ಲಿಯ ಮಣ್ಣು ಮಾಡಾಗಿ ಕೂತಿತು.

ಓಡಿ ಬಂದವರ ಮಾತು ಬಂದ ಮೇಲೆ ಟಿಬೆಟಿಯನ್ನರನ್ನು ಬಿಡುವುದು ಹೇಗೆ? 1966ರಲ್ಲಿ ಅವರ ಕಾಲೊನಿ ಮುಂಡಗೋಡದ ಪಕ್ಕದಲ್ಲಿ ಶುರುವಾಯಿತು. ಲಾಸಾದ ಕಡೆಯಲ್ಲಿದ್ದ ಗಾಂದೆನ್, ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ಎದ್ದವು. ನಮ್ಮೂರಿನ ಯಾರನ್ನೂ ಅವರು ಬೌದ್ಧರಾಗೆಂದು ಕರೆದದ್ದು ನಾನು ಕೇಳಿಲ್ಲ. ನಮ್ಮವರು ಅವರಿಂದ ಸ್ವೀಕರಿಸಿದ್ದು ಸ್ವೆಟರು ಮತ್ತು ಮೊಮೊ. ಅವರ ಮಠದ ಮಾಡು ಬಂಗಾರದ ಬಣ್ಣದ್ದು, ಮೂಲೆಗಳು ಮೇಲಕ್ಕೆ ಬಾಗಿದ್ದು. ಅದನ್ನು ಮೊದಲ ಸಲ ನೋಡಿದ ದಿನ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: ಮಂಗ ಬಂದರೆ ಏನು ಮಾಡುತ್ತಾರೆ?

ಹೋದ ವರ್ಷ ನಾನು ಸೋತೆ. ಅವ್ವನಿಗೆ ವಯಸ್ಸಾಯಿತು, ಕಾಕಾನ ಮೊಣಕಾಲು ಹೋಯಿತು, ಹುಡುಗರಾರೂ ಮಾಡು ಹತ್ತಲು ಒಪ್ಪುವುದಿಲ್ಲ. ತಗಡು ಹಾಕಿಸುವುದೆಂದಾಯಿತು. ಗುತ್ತಿಗೆ ಹಿಡಿದವನು ಎರಡು ದಿನದಲ್ಲಿ ಹಂಚೆಲ್ಲ ಇಳಿಸಿ ಅಂಗಳದಲ್ಲಿ ಒಟ್ಟಿದ. ಮನೆತುಂಬ ಬಾಸೆಲ್ ಹಂಚೇ ಎಂದು ನಲವತ್ತು ವರ್ಷ ನಂಬಿ ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ಒಂದೊಂದೇ ಮಗುಚಿ ಎಣಿಸಲು ಕೂತೆ. ಸಾವಿರದ ಎಂಟುನೂರರಲ್ಲಿ ಬಾಸೆಲ್ ಮಿಷನ್ ಎಂದಿದ್ದವು ಹನ್ನೊಂದು! ಮುನ್ನೂರರಷ್ಟು ‘ಕಾಮನ್‌ವೆಲ್ತ್’. 1914ರ ಯುದ್ಧದಲ್ಲಿ ಮಿಷನ್ನಿನಲ್ಲಿದ್ದ ಜರ್ಮನರು ಶತ್ರುಗಳಾಗಿ, ಇಂಗ್ಲಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಕೊಟ್ಟಿತು. ಮಣ್ಣು ಅದೇ, ಭಟ್ಟಿ ಅದೇ, ಅಚ್ಚಿನ ಹೆಸರು ಬೇರೆ. ಉಳಿದವು ಯಾವ್ಯಾವುದೋ ಕಾರ್ಖಾನೆಯವು, ಒಂದರ ಹೊಟ್ಟೆಯಲ್ಲಿ ಆನೆ, ಇನ್ನೊಂದರಲ್ಲಿ ನಕ್ಷತ್ರ. ಅಜ್ಜ ತಂದದ್ದು ಅಗ್ಗಕ್ಕೆ ಸಿಕ್ಕ ಬೆರಕೆ ಮಾಲು ಎಂದು ಅವತ್ತು ಗೊತ್ತಾಯಿತು. ನನ್ನ ಜ್ವರದ ಹಾಸಿಗೆಯ ಮೇಲೆ ಆ ಹನ್ನೊಂದರಲ್ಲಿ ಒಂದು ಬಂದು ಕೂತದ್ದು ಬರೀ ಯೋಗಾಯೋಗ.

ಹೆಚ್ಚಿನ ಹಂಚನ್ನು ಕಾಕಾನ ಮಗ ಟ್ರ್ಯಾಕ್ಟರಿನಲ್ಲಿ ಒಯ್ದ. ಅವರ ಮನೆಯ ಹಿಂದಿನ ಪಡಿ ಇನ್ನೂ ಹುಲ್ಲಿನದಾಗಿತ್ತು. ಬಾಸೆಲಿನ ಹನ್ನೊಂದನ್ನು ಮಾತ್ರ ಬೇರೆ ಇಟ್ಟುಕೊಂಡೆ. ತೊಳೆದು, ಒಣಗಿಸಿ, ಬೆಂಗಳೂರಿಗೆ ಒಯ್ದು ಗೋಡೆಗೆ ಹಚ್ಚುವುದೆಂದು ಗೋಣಿತಟ್ಟಿನಲ್ಲಿ ಸುತ್ತಿ ಮೂಲೆಗಿಟ್ಟು ಬಂದೆ.

ಆಷಾಢದಲ್ಲಿ ಫೋನು ಬಂತು. ಕೆರೆಯ ಕಡೆಯ ಗಾಳಿಗೆ ತಗಡಿನ ಅಂಚು ಎದ್ದು ರಾತ್ರಿಯೆಲ್ಲ ಪಟಪಟ ಬಡಿಯುತ್ತಿತ್ತಂತೆ, ಗುತ್ತಿಗೆಯವನು ಆ ಬದಿಗೆ ಸ್ಕ್ರೂ ಹಾಕುವುದನ್ನೇ ಬಿಟ್ಟಿದ್ದನಂತೆ. “ಕಲ್ಲು ಹೇರಸಬೇಕಿತ್ತಲ್ಲವ್ವಾ” ಎಂದೆ.

“ಕಲ್ಲೆಲ್ಲಿ ಹುಡುಕಲಿ ಮಳ್ಯಾಗ? ಮೂಲ್ಯಾಗ ನಿನ್ನ ಹಂಚಿದ್ದುವಲ್ಲ, ಪಕ್ಕದ ಮನಿ ಹುಡುಗನ್ನ ನಿಚ್ಚಣಿಕಿ ಹತ್ತಿಸಿ ಹನ್ನೊಂದೂ ಹೇರಿಸೀನಿ. ಈಗ ಸಪ್ಪಳಿಲ್ಲ.”