ಮೊದಲು ಗೇಟು, ಆಮೇಲೆ ಜೀಪು

ಗಾಜುವಾಕ, ವಿಶಾಖಪಟ್ಟಣ

ಪ್ರೀತಿಯ ತಮ್ಮಾ,

ಅಪ್ಪನ ಜೀಪಿನ ತಳ ತುಕ್ಕು ತಿಂದು, ಕಾಲಿಟ್ಟಲ್ಲಿ ರಸ್ತೆ ಕಾಣುತ್ತದೆ ಎಂದು ಬರೆದಿದ್ದೀಯಲ್ಲ, ಓದಿ ಹೊಟ್ಟೆ ಚುರುಕ್ಕೆಂದಿತು. ವಿಜಯವಾಡದಲ್ಲೇ ಇದ್ದೀಯ, ಜವಾಹರ್ ಆಟೋನಗರಕ್ಕೆ ಒಯ್ದರೆ ಸಾಕು. ಲಾರಿಯ ಬಾಡಿಯನ್ನೇ ಕಟ್ಟುವ ಕೈಗಳು ಅಲ್ಲಿವೆ. ಆದರೂ ನೀನೇ ಮಾಡಬೇಕೆನ್ನುತ್ತೀಯ. ಯಾಕೆಂದು ನನಗೆ ಗೊತ್ತು. ಆದರೆ ಮೊದಲು ಮನೆಯ ಗೇಟಿನಲ್ಲಿ ಕೈ ಪಳಗಲಿ.

ಅಂಗಡಿಯಲ್ಲಿ ತೋರಿಸಿದ, ಮಿಗ್ ಕೂಡ ಇರುವ ಆ ತ್ರೀ ಇನ್ ಒನ್ ವೆಲ್ಡಿಂಗ್ ಮಷೀನು ಈಗ ಬೇಡ. 200 ಆಂಪಿಯರಿನ ಸಾದಾ ಇನ್ವರ್ಟರ್ ಆರ್ಕ್ ಮಷೀನು ತಗೋ. 2.5 ಮಿ.ಮೀ.ನ 6013 ರಾಡು, ಎಪ್ಪತ್ತು ಆಂಪಿಯರಿನ ಆಸುಪಾಸು ಇಟ್ಟರೆ ಮನೆಯ ಗೇಟಿನ ಚೌಕ ಪೈಪಿಗೆ ಹದ. ಅಷ್ಟಕ್ಕೆ 16 ಆಂಪಿಯರಿನ ಪ್ಲಗ್ಗು ತಡೆಯುತ್ತದೆ. ಉದ್ದದ ತೆಳು ವೈರು ಎಳೆದರೆ ವೋಲ್ಟೇಜು ಬಿದ್ದು ರಾಡು ಅಂಟಿಕೊಳ್ಳುತ್ತದೆ. ನಿನಗಿರುವುದು ಬಯಲು ಅಂಗಳ. ಮಿಗ್ ಮಷೀನಿನ ಗ್ಯಾಸನ್ನು ಗಾಳಿ ಒಯ್ದುಬಿಡುತ್ತದೆ, ಬೆಸುಗೆ ತುಂಬ ತೂತು. ರಾಡು ಹಾಗಲ್ಲ, ಅದರ ಮೈಮೇಲಿನ ಲೇಪವೇ ಉರಿದು ತನಗೆ ಬೇಕಾದ ಹೊಗೆಯ ಮರೆ ಕಟ್ಟಿಕೊಳ್ಳುತ್ತದೆ. ಹಡಗಿನ ಬಾಯ್ಲರುಗಳ ಸೋರುವ ಜೋಡಣೆಗಳನ್ನು ಕಂಡ ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಕಂಬಿಗೆ ಲೇಪ ಕೊಟ್ಟವನು. 1904ರಲ್ಲಿ ಈಸಾಬ್ ಕಂಪನಿ ಕಟ್ಟಿದವನೂ ಅವನೇ. ಈ ಕಡಲಗಾಳಿಯಲ್ಲಿ ಕೆಲಸ ಮಾಡುವಾಗೆಲ್ಲ ನನಗೆ ಅವನ ನೆನಪಾಗುತ್ತದೆ.

ಜೀಪಿನ ತಳದ ಕತೆ ಬೇರೆ. ಮಿಲಿಮೀಟರಿನಷ್ಟು ದಪ್ಪದ ತಗಡು ಅದು, ಹೊಸ ಕೈಯ ರಾಡು ತಾಗಿದರೆ ತೂತೇ. ಅದಕ್ಕೆ 0.8 ಮಿ.ಮೀ. ತಂತಿಯ ಮಿಗ್ ಬೇಕು. ನಾನು ಬರುವಾಗ ಏರ್ಪಾಡು ಮಾಡುತ್ತೇನೆ. ಅಲ್ಲಿಯವರೆಗೆ ಜೀಪಿಗೆ ಕಿಡಿ ತಾಗಿಸಬೇಡ. ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಡೀಸೆಲ್ ಟ್ಯಾಂಕು ಇಳಿಸಬೇಕು, ಇದೆಲ್ಲ ಒಬ್ಬನೇ ಮಾಡುವುದಲ್ಲ.

ಮಷೀನಿನಲ್ಲಿ ಉಳಿಸಿದ ದುಡ್ಡನ್ನು ಹೆಲ್ಮೆಟ್ಟಿಗೆ ಹಾಕು, ಕಿಡಿ ಹೊತ್ತಿದೊಡನೆ ತಾನೇ ಕಪ್ಪಾಗುವಂಥದಕ್ಕೆ. ಕಲಿಯುವಾಗ, ಬರೀ ಟ್ಯಾಕ್ ತಾನೇ ಎಂದು ಗಾಜು ಹಿಡಿಯದೆ ನಾನು ಮೂರ್ನಾಲ್ಕು ಸಲ ಕಿಡಿ ಹೊತ್ತಿಸಿದ್ದೆ. ನಡುರಾತ್ರಿ ಕಣ್ಣಿಗೆ ಬಿಸಿ ಮರಳು ಸುರಿದಂತಾಯಿತು. ಅಮ್ಮ ಬೆಳಗಿನತನಕ ಒದ್ದೆ ಬಟ್ಟೆ ಬದಲಿಸುತ್ತ ಕೂತಿದ್ದಳು. ನೀನು ಪಕ್ಕದಲ್ಲೇ ಮಲಗಿದ್ದೆ, ಚಿಕ್ಕವನು. ಆ ರಾತ್ರಿ ನಿನಗೆ ಬರಕೂಡದು. ಹತ್ತಿಯ ತುಂಬುತೋಳಿನ ಅಂಗಿ ಹಾಕಿಕೋ, ವಿಜಯವಾಡದ ಸೆಕೆ ಎಷ್ಟೇ ಇರಲಿ. ಜಿ.ಐ. ಪೈಪಾದರೆ ಸತುವಿನ ಪದರ ಉಜ್ಜಿ ತೆಗೆ. ಆ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಗುಜರಿ ತುಂಡುಗಳ ಮೇಲೆ ಒಂದು ಪ್ಯಾಕೆಟ್ ರಾಡು ಪೂರ್ತಿ ಸುಡು. ಆಮೇಲೆ ಗೇಟಿಗೆ ಕೈ ಹಾಕು.

ದಸರೆಗೆ ಬರುತ್ತೇನೆ. ಗೇಟಿನ ಬೆಸುಗೆಯನ್ನು ಬೆರಳಲ್ಲಿ ಸವರಿ ನೋಡಬೇಕು ನಾನು. ತಳ ಕತ್ತರಿಸುವಾಗ ಕ್ಲಚ್ಚಿನ ಕೆಳಗಿನ ತುಂಡೊಂದನ್ನು ಎಸೆಯಬೇಡ. ಅಪ್ಪನ ಹಿಮ್ಮಡಿ ಊರುತ್ತಿದ್ದ ಜಾಗ ಅದು.

ನಿನ್ನ
ಅಕ್ಕ