ಹೇಗೂ ಬಿಚ್ಚಿದ್ದಾಯಿತಲ್ಲ!

ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ಎಳೆದಾಗ ಅದರ ತುದಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ಅನುಭವಸ್ಥ ಮೆಕ್ಯಾನಿಕ್ ಹೆಚ್ಚು ಮಾತಾಡುವುದಿಲ್ಲ. ‘ಹೆಡ್ ಬಿಚ್ಚಬೇಕು’ ಎಂದಷ್ಟೇ ಹೇಳಿ ಕೈ ಒರೆಸಿಕೊಳ್ಳುತ್ತಾನೆ. ಆಯಿಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಕಾರಿನ ಯಜಮಾನನ ಮುಖ ಬಾಡುವುದೂ ಆಗಲೇ.

ನೆಮ್ಮಾರಿನ ಅಡಿಕೆ ಬೆಳೆಗಾರರೊಬ್ಬರ ಪಾಲಿಗೆ ಇದು ಬಂದದ್ದು ಮಳೆ ಹಿಡಿಯಲು ತಿಂಗಳು ಇರುವಾಗ. ಶೃಂಗೇರಿಯಿಂದ ಕೆರೆಕಟ್ಟೆಗೆ ಹೋಗುವ ದಾರಿಯಲ್ಲಿ, ತುಂಗೆಯ ಮಗ್ಗುಲಲ್ಲಿರುವ ಊರು ಅದು. ಕುದುರೆಮುಖದ ಕಾಡು ಅಲ್ಲಿಂದ ದೂರವಿಲ್ಲ. ಮನೆಯಲ್ಲಿ ಹೃದಯದ ಕಾಯಿಲೆಯ ಅಜ್ಜಿ. ತಿಂಗಳಿಗೊಮ್ಮೆ ಎಸ್.ಕೆ. ಬಾರ್ಡರ್ ದಾಟಿ, ಮಾಳ ಘಾಟಿ ಇಳಿದು, ಕಾರ್ಕಳದ ಮೇಲೆ ಮಣಿಪಾಲಕ್ಕೆ ಹೋಗಿ ಬರಬೇಕು. ರಾತ್ರಿ ಹೊತ್ತು ಎದೆ ಹಿಡಿದುಕೊಂಡರೆ ಅದೇ ದಾರಿ, ಅದೇ ಕಾರು. ತೋಟಕ್ಕೆ ಹಳದಿ ಎಲೆ ರೋಗ ಬಂದು ಫಸಲು ಇಳಿದಿದೆ. ಹೊಸ ಕಾರಿನ ಮಾತು ಆ ಮನೆಯಲ್ಲಿ ಏಳುವಂತೆಯೇ ಇರಲಿಲ್ಲ. ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷ, ರಜೆಗೆ ಬಂದಿದ್ದ.

ಆದದ್ದು ಇಷ್ಟೇ. ಹಳೆಯದಾಗಿದ್ದ ಒಂದು ರಬ್ಬರ್ ಹೋಸು ಘಾಟಿಯ ಏರಿನಲ್ಲಿ ಸೀಳಿ ನೀರು ಸೋರಿತು. ಎಚ್ಚರಿಕೆಯ ದೀಪ ಹತ್ತಿದ ಮೇಲೂ ‘ಇನ್ನೇನು ಬಾರ್ಡರ್ ಬಂತು’ ಎಂದು ಕಾರು ಮೂರು ಕಿಲೋಮೀಟರು ಓಡಿತು. ಆ ಮೂರು ಕಿಲೋಮೀಟರಿನಲ್ಲಿ ನಡೆದದ್ದು ಶಾಲೆಯ ಪಠ್ಯದಲ್ಲೇ ಇದೆ. ಎಂಜಿನ್ನಿನ ಕೆಳಭಾಗ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಕಾಯಿಸಿದರೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ ಹೆಡ್ಡಿನ ಉಷ್ಣತೆ 100 ಡಿಗ್ರಿ ಏರಿದರೆ ಅಲ್ಯೂಮಿನಿಯಂ 0.9 ಮಿಲಿಮೀಟರಿನಷ್ಟು ಬೆಳೆಯುತ್ತದೆ, ಕಬ್ಬಿಣ 0.45ರ ಆಸುಪಾಸು. ಎರಡರ ನಡುವೆ ಸಿಕ್ಕಿರುವ ತೆಳು ಗ್ಯಾಸ್ಕೆಟ್ ಈ ಜಗ್ಗಾಟವನ್ನು ದಿನಾ ಸಹಿಸುತ್ತದೆ. ನೀರಿಲ್ಲದೆ ಹೆಡ್ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕಾದು ಸೊಟ್ಟಗಾದಾಗ ಮಾತ್ರ ಅದು ಕೈ ಬಿಡುತ್ತದೆ.

ಶೃಂಗೇರಿಯ ಗ್ಯಾರೇಜಿನಲ್ಲಿ ಹೆಡ್ ಕೆಳಗಿಳಿಯಿತು. ನೀರು ಬೆರೆತ ಆಯಿಲ್ ಕುಡಿದ ಟರ್ಬೊದ ಬೇರಿಂಗೂ ಸವೆದಿತ್ತು. ಮೆಕ್ಯಾನಿಕ್ ಶಾಫ್ಟಿನ ತುದಿಯನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದ. ಅಲ್ಲಿಗೆ ಆ ವಾಕ್ಯ ಬಂತು: ‘ಅಪ್ಪಯ್ಯ, ಹೇಗೂ ಬಿಚ್ಚಿದ್ದಾಯಿತಲ್ಲ...’

ಗ್ಯಾರೇಜುಗಳಲ್ಲಿ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ. ಮನೆಯ ಹಂಚು ಹೊದೆಸುವಾಗಲೂ ಇದೇ ಮಾತು ಹುಟ್ಟಿ ಅಟ್ಟ, ಜಗಲಿ, ಕೊಟ್ಟಿಗೆಯವರೆಗೂ ಬೆಳೆಯುತ್ತದೆ. ಮಗನ ಪಟ್ಟಿಯಲ್ಲಿ ದೊಡ್ಡ ಟರ್ಬೊ, ಹೆಚ್ಚು ಡೀಸೆಲ್ ಚಿಮ್ಮುವ ಇಂಜೆಕ್ಟರು, ಎಂಜಿನ್ ಕಂಪ್ಯೂಟರಿನ ಮರುಹೊಂದಾಣಿಕೆ ಎಲ್ಲ ಇದ್ದವು. ಅವನ ವಾದವನ್ನು ಹುಡುಗಾಟ ಎಂದು ತಳ್ಳಿಹಾಕುವಂತಿರಲಿಲ್ಲ. ಫಿಯೆಟ್ ವಿನ್ಯಾಸದ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಎಂಜಿನ್ ಭಾರತದಲ್ಲಿ ಸ್ವಿಫ್ಟ್, ಇಂಡಿಕಾ ವಿಸ್ಟಾ, ಲಿನಿಯಾ ಮುಂತಾದ ಬೇರೆ ಬೇರೆ ಕಂಪನಿಗಳ ಕಾರುಗಳಲ್ಲಿ ಓಡಿತು. ಅದೇ 1248 ಸಿ.ಸಿ. ಎಂಜಿನ್ ಒಂದು ಕಾರಿನಲ್ಲಿ 75 ಅಶ್ವಶಕ್ತಿ ಕೊಟ್ಟರೆ ಇನ್ನೊಂದರಲ್ಲಿ 90 ಕೊಡುತ್ತಿತ್ತು. ಮೊದಲನೆಯದರಲ್ಲಿ ಸಾಧಾರಣ ಟರ್ಬೊ, ಎರಡನೆಯದರಲ್ಲಿ ಅಗತ್ಯಕ್ಕೆ ತಕ್ಕಂತೆ ಒಳಗಿನ ರೆಕ್ಕೆಗಳ ಕೋನ ಬದಲಿಸುವ ಟರ್ಬೊ. ‘ಎಂಜಿನ್ ಒಂದೇ ಅಂದಮೇಲೆ ನಮ್ಮದಕ್ಕೂ ಆ ಟರ್ಬೊ ಯಾಕೆ ಹಾಕಬಾರದು?’ ಎಂಬ ಅವನ ಪ್ರಶ್ನೆಗೆ ಅಪ್ಪಯ್ಯನ ಬಳಿ ಉತ್ತರವಿರಲಿಲ್ಲ. ಅವರಿಗೆ ಕಂಡದ್ದು ಒಂದೇ ಲೆಕ್ಕ: ಆ ಪಟ್ಟಿಯ ಮೊತ್ತ ಮಗನ ಒಂದು ವರ್ಷದ ಶುಲ್ಕಕ್ಕೆ ಹತ್ತಿರವಿತ್ತು.

ಟರ್ಬೊ ಮಾಡುವ ಕೆಲಸವನ್ನು ಒಮ್ಮೆ ನೋಡಬೇಕು. ಹೊಗೆ ಕೊಳವೆಯಲ್ಲಿ ವ್ಯರ್ಥವಾಗುವ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುವ ಉಪಾಯವಿದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ಮೇಲಕ್ಕೆ ಸಾಗಿಸಿ, ತೆಳುಗಾಳಿಯಲ್ಲಿ ಕುಗ್ಗುವ ಶಕ್ತಿಯನ್ನು ಟರ್ಬೊ ಮರಳಿ ಕೊಡುತ್ತದೆಂದು ತೋರಿಸಿದ. ಕಾರುಗಳಿಗೆ ಅದು ಬಂದದ್ದು 1962ರಲ್ಲಿ. ಚಿಕ್ಕ ಕಾರಿನ ಟರ್ಬೊದ ಅಚ್ಚು ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುವುದುಂಟು. ಅಷ್ಟು ವೇಗದಲ್ಲಿ ಅದನ್ನು ಕಾಪಾಡುವುದು ಆಯಿಲಿನ ತೆಳುವಾದ ಪೊರೆ ಮಾತ್ರ. ಘಾಟಿ ಹತ್ತಿ ಬಂದವರು ತಕ್ಷಣ ಎಂಜಿನ್ ಆರಿಸಬಾರದು, ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕು ಎನ್ನುವುದು ಇದಕ್ಕೇ. ಕೆಂಪಗೆ ಕಾದ ಟರ್ಬೊದಲ್ಲಿ ಆಯಿಲ್ ನಿಂತರೆ ಸುಟ್ಟು ಇದ್ದಿಲಾಗುತ್ತದೆ.

ಹೆಚ್ಚು ಗಾಳಿ ಒತ್ತಿದಷ್ಟೂ ಹೆಚ್ಚು ಶಕ್ತಿ ಎಂಬುದು ಅರ್ಧ ನಿಜ. 27 ಡಿಗ್ರಿ ಸೆಲ್ಸಿಯಸ್ಸಿನ, ಅಂದರೆ 300 ಕೆಲ್ವಿನ್ನಿನ ಗಾಳಿಯ ಒತ್ತಡವನ್ನು ಇಮ್ಮಡಿ ಮಾಡಿದರೆ ಅದು ಕಾಯುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದ ಹುಡುಗರಿಗೆ ಇದು ಗೊತ್ತು. ಯಾವ ನಷ್ಟವೂ ಇಲ್ಲದ ಆದರ್ಶ ಲೆಕ್ಕದಲ್ಲೂ ಉಷ್ಣತೆ 366 ಕೆಲ್ವಿನ್ನಿಗೆ ಏರುತ್ತದೆ. ಒತ್ತಡ ಎರಡು ಪಟ್ಟಾದರೂ ಸಾಂದ್ರತೆ ಹೆಚ್ಚುವುದು 1.64 ಪಟ್ಟು ಮಾತ್ರ. ಆ ಗಾಳಿಯನ್ನು ಇಂಟರ್‌ಕೂಲರಿನಲ್ಲಿ 50 ಡಿಗ್ರಿಗೆ ತಣಿಸಿದರೆ 1.86 ಪಟ್ಟಾಗುತ್ತದೆ. ವಿದ್ಯಾರ್ಥಿಗಳು ಅನಿಲ ನಿಯಮ ಹಿಡಿದು ತಾಳೆ ನೋಡಬಹುದು. ದೊಡ್ಡ ಟರ್ಬೊ ಹಾಕಿ ಗಾಳಿ ತಣಿಸುವ ಏರ್ಪಾಡು ಹಾಗೇ ಬಿಟ್ಟರೆ ಶಕ್ತಿಗಿಂತ ಮೊದಲು ಕಾವು ಏರುತ್ತದೆ. ಕಾವಿನಿಂದಲೇ ಹಾಳಾದ ಎಂಜಿನ್ನಿಗೆ ಇದು ವಿಚಿತ್ರವಾದ ಔಷಧ.

ಹುಡುಗನನ್ನು ಬಗ್ಗಿಸಿದ್ದು ಈ ಲೆಕ್ಕವಲ್ಲ. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೇಳಿದ ಒಂದು ಪ್ರಶ್ನೆ: ‘ಮಾಳ ಘಾಟಿ ತಿರುವಲ್ಲಿ ಎಂಜಿನ್ ಎಷ್ಟು ಸುತ್ತಲ್ಲಿ ಇರ್ತದೆ ಮರಿ?’ ತಿರುವಿನಲ್ಲಿ ವೇಗ ಇಳಿದು ಎಂಜಿನ್ ನಿಧಾನವಾಗಿ ಸುತ್ತುತ್ತಿರುತ್ತದೆ. ಕಾರಿಗೆ ಎಳೆತ ಬೇಕಾದದ್ದು ಅಲ್ಲೇ. ದೊಡ್ಡ ಟರ್ಬೊದ ಚಕ್ರ ಭಾರ, ಕಡಿಮೆ ಹೊಗೆಗೆ ಅದು ಏಳುವುದು ತಡ. ನೇರ ಹೆದ್ದಾರಿಯಲ್ಲಿ ಖುಷಿ ಕೊಡುವ ಬದಲಾವಣೆ ಆ ತಿರುವುಗಳಲ್ಲಿ, ಅದೂ ಹಿಂದಿನ ಸೀಟಿನಲ್ಲಿ ಅಜ್ಜಿ ಮಲಗಿರುವಾಗ, ಕಾರನ್ನು ಮೊದಲಿಗಿಂತ ಬಡವಾಗಿಸುತ್ತದೆ. ಕೋನ ಬದಲಿಸುವ ಟರ್ಬೊಗೆ ಈ ದೋಷ ಕಡಿಮೆ, ನಿಜ. ಆದರೆ ಅದರ ರೆಕ್ಕೆಗಳಿಗೆ ಅಪ್ಪಣೆ ಕೊಡಲು ಕಂಪ್ಯೂಟರ್ ಬೇರೆಯದೇ ಬೇಕು. ಹೆಚ್ಚಿದ ಎಳೆತ ಕ್ಲಚ್ಚಿಗೂ ಗೇರಿಗೂ ಹೋಗಿ ಮುಟ್ಟುತ್ತದೆ. ಕಂಪನಿಯವರು 75ನ್ನು 90 ಮಾಡುವಾಗ ಬರೀ ಟರ್ಬೊ ಬದಲಿಸಿ ಕೈ ತೊಳೆದುಕೊಂಡಿರುವುದಿಲ್ಲ. ಒಂದು ಕೊಂಡಿ ಬಲವಾದರೆ ಸರಪಣಿ ಪಕ್ಕದ ಕೊಂಡಿಯಲ್ಲಿ ಹರಿಯುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ.

ಹಾಗೆಂದು ಎಲ್ಲವೂ ಇದ್ದಂತೆಯೇ ಜೋಡಣೆಯಾಗಲಿಲ್ಲ. ಇಲ್ಲಿ ಅಪ್ಪಯ್ಯನ ಉಳಿತಾಯಬುದ್ಧಿಯೂ ಒಂದು ಕಡೆ ಸೋಲಬೇಕಾಯಿತು. ‘ಬೋಲ್ಟು ಗಟ್ಟಿಯಾಗೇ ಇದೆಯಲ್ಲ, ಅದನ್ನೇ ಹಾಕಿ’ ಎಂದು ಅವರು ಪಟ್ಟು ಹಿಡಿದಿದ್ದರು. ಮಗ ಕಾಗದದ ಚೂರಿನ ಮೇಲೆ ಗುಣಿಸಿ ತೋರಿಸಿದ. ಸಿಲಿಂಡರಿನ ಅಡ್ಡಳತೆ ಸುಮಾರು 7 ಸೆಂಟಿಮೀಟರು, ವಿಸ್ತೀರ್ಣ 38 ಚದರ ಸೆಂಟಿಮೀಟರಿಗೆ ತುಸು ಹೆಚ್ಚು. ಡೀಸೆಲ್ ಉರಿದಾಗ ಒಳಗಿನ ಒತ್ತಡ 150 ವಾಯುಭಾರ ಎಂದಿಟ್ಟುಕೊಂಡರೆ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಹತ್ತಿರ ಹತ್ತಿರ 6 ಟನ್. ಒಂದು ತುಂಬಿದ ಚಿಕ್ಕ ಲಾರಿಯ ತೂಕ, ಸೆಕೆಂಡಿಗೆ ಹತ್ತಾರು ಸಲ. ಅದನ್ನು ಹಿಡಿದಿಡುವ ಬೋಲ್ಟುಗಳನ್ನು ಇಂದಿನ ಅನೇಕ ಎಂಜಿನ್ನುಗಳಲ್ಲಿ ಬಿಗಿಯುವಾಗಲೇ ಸ್ವಲ್ಪ ಹಿಗ್ಗುವಂತೆ ಮಾಡಿರುತ್ತಾರೆ. ಒಮ್ಮೆ ಹಿಗ್ಗಿದ್ದು ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ. ಅಪ್ಪಯ್ಯ ಲೆಕ್ಕವನ್ನು ಎರಡು ಸಲ ನೋಡಿದರು. ಮೂರನೆಯ ಸಲ ಮೆಕ್ಯಾನಿಕ್ಕಿನ ಮುಖ ನೋಡಿದರು. ಅವನು ತಲೆಯಾಡಿಸಿದ.

ಹೆಡ್ಡನ್ನು ಫೇಸಿಂಗ್ ಮಾಡಿಸಿ, ಮೂಲ ಅಳತೆಯದೇ ಲೋಹದ ಪದರಗಳ ಗ್ಯಾಸ್ಕೆಟ್, ಹೊಸ ಬೋಲ್ಟು, ಹೊಸ ಥರ್ಮೋಸ್ಟಾಟ್ ಹಾಕಿದರು. ಟರ್ಬೊಗೆ ಅದೇ ಅಳತೆಯ ಹೊಸ ಒಳಗಟ್ಟು, ಆಯಿಲ್ ಬರುವ ಕೊಳವೆಯೂ ಹೊಸದು. ನೀರಿನ ಹೋಸುಗಳು ಒಂದನ್ನೂ ಬಿಡದೆ ಬದಲಾದವು. ರೇಡಿಯೇಟರು ತೊಳೆಯುವುದೆಂದಿದ್ದದ್ದು ಬದಲಿಸುವುದೆಂದಾಯಿತು. ಮಗನ ಪಟ್ಟಿಯಿಂದ ಉಳಿದುಕೊಂಡದ್ದು ಒಂದೇ: ನೀರಿನ ಉಷ್ಣತೆಯನ್ನು ಅಂಕಿಯಲ್ಲಿ ತೋರಿಸಿ, ಮಿತಿ ಮೀರಿದರೆ ಕೂಗುವ ಚಿಕ್ಕ ಯಂತ್ರ. ಆ ಕಾರಿನಲ್ಲಿದ್ದದ್ದು ಬರೀ ದೀಪ, ಮುಳ್ಳು ಇರಲಿಲ್ಲ. ಅದನ್ನು ಅವನೇ ಕೂತು ಜೋಡಿಸಿದ. ‘ಇದೊಂದು ಮೊದಲೇ ಇದ್ದಿದ್ರೆ ಗೌಡ್ರೇ...’ ಎಂದ ಮೆಕ್ಯಾನಿಕ್ ಮುಂದೆ ಹೇಳಲಿಲ್ಲ.

ಬೋಲ್ಟು ಬಿಗಿಯುವ ದಿನ ಟಾರ್ಕ್ ರೆಂಚ್ ಹಿಡಿದದ್ದು ಮೆಕ್ಯಾನಿಕ್, ಕ್ರಮಸಂಖ್ಯೆಯನ್ನೂ ಕೋನವನ್ನೂ ಪುಸ್ತಕ ನೋಡಿ ಓದಿದ್ದು ಹುಡುಗ. ನಡುವಿನಿಂದ ಹೊರಕ್ಕೆ, ಎಲ್ಲವಕ್ಕೂ ಒಂದು ಸುತ್ತು ಮುಗಿದ ಮೇಲೆಯೇ ಮುಂದಿನ ಸುತ್ತು. ಹಳೆಯ ಬೋಲ್ಟುಗಳನ್ನು ಅವನು ಗುಜರಿಗೆ ಹಾಕಲು ಬಿಡಲಿಲ್ಲ. ರಜೆ ಮುಗಿಸಿ ಹಾಸ್ಟೆಲಿಗೆ ಹೊರಟಾಗ ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಕಾಲೇಜಿನ ಪ್ರಯೋಗಶಾಲೆಯ ವರ್ನಿಯರ್‌ನಲ್ಲಿ ಅಳೆದು ಆ ವಾರವೇ ಮನೆಗೆ ಫೋನು ಮಾಡಿದ. ಒಂದೂ ಹೊಸದರ ಉದ್ದಕ್ಕೆ ಸಮವಿರಲಿಲ್ಲ, ಎಲ್ಲವೂ ಉದ್ದವಾಗಿದ್ದವು. ಅಪ್ಪಯ್ಯ ‘ಹೂಂ’ ಎಂದು ಕೇಳಿಸಿಕೊಂಡು, ಅಜ್ಜಿಯನ್ನು ಕರೆದುಕೊಂಡು ಹಿಂದಿನ ದಿನ ಮಣಿಪಾಲಕ್ಕೆ ಹೋಗಿಬಂದ ಸುದ್ದಿ ಹೇಳಿದರು. ಏರಿನಲ್ಲಿ ಆ ಅಂಕಿ 91ರ ಮೇಲೆ ಹೋಗಲಿಲ್ಲವಂತೆ.